ಉಪ್ಪುನೀರಿನ ತೊಟ್ಟಿಗೆ ಸಿಹಿನೀರಿನ ಮೀನು

ನೀವು ಮೀನುತೊಟ್ಟಿಯನ್ನು ನೋಡಿದ್ದೀರಾ? ಅದರಲ್ಲಿದ್ದುದು ಉಪ್ಪುನೀರೋ ಸಿಹಿನೀರೋ? ರುಚಿ ನೋಡದೆ ಅದನ್ನು ತಿಳಿಯುವುದು ಹೇಗೆ? ಗುಂಪಿನಲ್ಲಿ ಚರ್ಚಿಸಿರಿ. ಅನಂತರ ಪಾಠವನ್ನು ಓದಿರಿ.

ಸೋಮವಾರ ಬೆಳಗ್ಗೆ ಶಾಲೆಯ ಗೇಟಿನ ಮುಂದೆ ಒಂದು ಪಿಕಪ್ ಬಂದು ನಿಂತಿತು. ಅದರಲ್ಲಿ ಹಳೆಯ ಚಾಪೆಯಲ್ಲಿ ಸುತ್ತಿದ ದೊಡ್ಡದೊಂದು ಗಾಜಿನ ತೊಟ್ಟಿ ಇತ್ತು. ಗಲ್ಫಿನಿಂದ ಊರಿಗೆ ಮರಳಿದ ರಕ್ಷಕರೊಬ್ಬರು ಅದನ್ನು ಶಾಲೆಗೆ ಕೊಟ್ಟಿದ್ದರು. ಅವರು ಅದರಲ್ಲಿ ಸಮುದ್ರದ ಬಣ್ಣದ ಮೀನುಗಳನ್ನು ಸಾಕುತ್ತಿದ್ದರು. ಮೀನುಗಳನ್ನು ಸಾಕಲು ತಿಳಿದ ಇನ್ನೊಬ್ಬರಿಗೆ ಒಪ್ಪಿಸಿ, ತೊಟ್ಟಿಯನ್ನು ನಮ್ಮ ಮಕ್ಕಳಿಗೆ ಇರಲಿ ಎಂದು ಕಳುಹಿಸಿದ್ದರು. ತೊಟ್ಟಿಯ ಜೊತೆಗೆ ಬಿಳಿ ಮರಳು, ತೂತು ತೂತಾದ ಕಲ್ಲುಗಳು, ಗಾಳಿಪಂಪು ಮತ್ತು ಇನ್ನೊಂದೆರಡು ಸಾಮಾನುಗಳೂ ಇದ್ದವು.

ಆರನೇ ತರಗತಿಯ ಮಕ್ಕಳಿಗೆ ಸಂಭ್ರಮವೋ ಸಂಭ್ರಮ.

“ಟೀಚರ್, ಶಾಲಾ ವಾರ್ಷಿಕೋತ್ಸವಕ್ಕೆ ಇನ್ನು ಮೂರು ವಾರ ಇದೆಯಲ್ಲ? ಅಷ್ಟರಲ್ಲಿ ಮೀನು ಬಿಡೋಣ. ಎಲ್ಲರೂ ನೋಡಲಿ” ಎಂದಳು ಒಬ್ಬಳು.

“ಬಾವಿಯಿಂದ ನೀರು ಸೇದಿ ತುಂಬಿಸಿದರೆ ಆಯಿತು. ಇವತ್ತೇ ಬಿಡಬಹುದು” ಎಂದ ಇನ್ನೊಬ್ಬ.

ಟೀಚರ್ ನಕ್ಕರು. “ಮೀನು ಬಿಡುವುದು ಒಂದು ನಿಮಿಷದ ಕೆಲಸ. ಅದು ಬದುಕುವಂತೆ ಮಾಡುವುದು ಬೇರೆ ಕೆಲಸ. ಮೊದಲು ಈ ತೊಟ್ಟಿಯ ಪರಿಚಯ ಮಾಡಿಕೊಳ್ಳೋಣ” ಎಂದರು.

ಉಪ್ಪು ಎಲ್ಲಿ ಅಡಗಿದೆ?

ತೊಟ್ಟಿಯ ಅಂಚಿನಲ್ಲಿ ಬಿಳಿಯ ಹುಡಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಒಬ್ಬ ಹುಡುಗ ಉಗುರಿನಿಂದ ಕೆರೆದು ನೋಡಿದ.

“ಟೀಚರ್, ಇದು ಉಪ್ಪು ಅಲ್ಲವೇ?”

“ಹೌದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು ಆವಿಯಾಗಿ ಹೋಗುತ್ತದೆ. ಉಪ್ಪು ಹೋಗುವುದಿಲ್ಲ. ಅದು ಅಲ್ಲಿಯೇ ಉಳಿಯುತ್ತದೆ.”

ಮಕ್ಕಳು ಅಳತೆಪಟ್ಟಿ ತಂದು ತೊಟ್ಟಿಯನ್ನು ಅಳೆದರು. ಉದ್ದ 90 ಸೆಂಟಿಮೀಟರ್, ಅಗಲ 45 ಸೆಂಟಿಮೀಟರ್, ಎತ್ತರ 45 ಸೆಂಟಿಮೀಟರ್. ನೀರನ್ನು 40 ಸೆಂಟಿಮೀಟರ್ ಎತ್ತರದವರೆಗೆ ತುಂಬಿಸಿದರೆ ಎಷ್ಟು ಲೀಟರ್ ಹಿಡಿಯುತ್ತದೆ? ಕರಿಹಲಗೆಯ ಮೇಲೆ ಲೆಕ್ಕ ಬಿತ್ತು.

90 × 45 × 40 = 1,62,000 ಘನ ಸೆಂಟಿಮೀಟರ್. 1000 ಘನ ಸೆಂಟಿಮೀಟರ್ ಎಂದರೆ 1 ಲೀಟರ್. ಆದುದರಿಂದ 162 ಲೀಟರ್.

162 × 35 = 5,670 ಗ್ರಾಂ. ಎಂದರೆ ತೊಟ್ಟಿಯಲ್ಲಿ ಸಮುದ್ರದ ನೀರು ತುಂಬಿದ್ದಾಗ ಐದೂವರೆ ಕಿಲೋಗ್ರಾಮಿಗಿಂತಲೂ ಹೆಚ್ಚು ಉಪ್ಪು ಇತ್ತು!

“ಹಾಗಾದರೆ ನೀರಿನ ಭಾರ?” ಎಂದು ಕೇಳಿದರು ಟೀಚರ್.

“162 ಕಿಲೋಗ್ರಾಂ, ಟೀಚರ್!”

“ಆದ್ದರಿಂದ ತೊಟ್ಟಿಯನ್ನು ಬೆಂಚಿನ ಮೇಲೆ ಇಡಬಾರದು. ಭಾರ ತಡೆಯುವ, ಸಮತಟ್ಟಾದ ಕಟ್ಟೆ ಬೇಕು. ತುಂಬಿದ ಮೇಲೆ ತೊಟ್ಟಿಯನ್ನು ಎತ್ತಲೂ ಬಾರದು.”

ಸಮುದ್ರದ ಮೀನು ಬಾವಿನೀರಿನಲ್ಲಿ ಏಕೆ ಬದುಕುವುದಿಲ್ಲ?

“ಸಮುದ್ರದ ಮೀನನ್ನು ಸ್ವಲ್ಪ ಸ್ವಲ್ಪವೇ ಸಿಹಿನೀರಿಗೆ ಅಭ್ಯಾಸ ಮಾಡಿಸಬಹುದಲ್ಲ?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು.

“ಒಳ್ಳೆಯ ಪ್ರಶ್ನೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ಏನಾಗುತ್ತದೆ?”

“ನೀರು ಬಿಟ್ಟು ಸುಕ್ಕುಗಟ್ಟುತ್ತದೆ.”

“ಒಣದ್ರಾಕ್ಷಿಯನ್ನು ಬರೇ ನೀರಿನಲ್ಲಿ ಹಾಕಿದರೆ?”

“ಉಬ್ಬುತ್ತದೆ.”

“ಮೀನಿನ ಕತೆಯೂ ಹಾಗೆಯೇ. ಮೀನಿನ ಮೈಯೊಳಗೂ ಉಪ್ಪು ಇದೆ. ಅದು ಸಮುದ್ರದ ನೀರಿಗಿಂತ ಕಡಿಮೆ, ಬಾವಿಯ ನೀರಿಗಿಂತ ಹೆಚ್ಚು. ಸಮುದ್ರದ ಮೀನಿನ ಮೈಯಿಂದ ನೀರು ಹೊರಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಅದು ಸಮುದ್ರದ ನೀರನ್ನು ಕುಡಿಯುತ್ತದೆ. ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಸಿಹಿನೀರಿನ ಮೀನಿನದು ಇದಕ್ಕೆ ವಿರುದ್ಧ. ಅದರ ಮೈಯೊಳಗೆ ನೀರು ತಾನಾಗಿಯೇ ನುಗ್ಗುತ್ತದೆ. ಅದು ನೀರನ್ನು ಕುಡಿಯುವುದು ಬಹಳ ಕಡಿಮೆ. ತೆಳ್ಳಗಿನ ಮೂತ್ರವನ್ನು ಧಾರಾಳವಾಗಿ ಹೊರಹಾಕುತ್ತದೆ. ಒಂದರ ಮನೆಯಲ್ಲಿ ಇನ್ನೊಂದನ್ನು ಹಾಕಿದರೆ ಅದರ ದೇಹದ ಕೆಲಸವೆಲ್ಲ ತಲೆಕೆಳಗಾಗುತ್ತದೆ.”

“ಆದರೆ ಟೀಚರ್, ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಉಬ್ಬರದ ಹೊತ್ತಿಗೆ ಉಪ್ಪುನೀರು ಬರುತ್ತದೆ, ಇಳಿತದಲ್ಲಿ ಸಿಹಿನೀರು. ಅಲ್ಲಿ ಕರಿಮೀನು ಇದೆಯಲ್ಲ?” ಎಂದಳು ಮೀನುಗಾರರ ಮನೆಯ ಹುಡುಗಿ. ಅವಳ ಅಪ್ಪ ದೋಣಿಯಲ್ಲಿ ಹೋಗುವವರು.

ಟೀಚರಿಗೆ ಬಹಳ ಸಂತೋಷವಾಯಿತು. “ಸರಿಯಾಗಿ ಹೇಳಿದೆ. ಕರಿಮೀನಿನಂತಹ ಕೆಲವು ಮೀನುಗಳು ಎರಡೂ ಬಗೆಯ ನೀರಿಗೆ ಹೊಂದಿಕೊಳ್ಳುತ್ತವೆ. 2010ರಲ್ಲಿ ಕೇರಳ ಸರಕಾರ ಕರಿಮೀನನ್ನು ರಾಜ್ಯದ ಮೀನೆಂದು ಘೋಷಿಸಿತು. ಆದರೆ ಎಲ್ಲ ಮೀನುಗಳಿಗೂ ಆ ಶಕ್ತಿ ಇಲ್ಲ. ಹವಳದ ದಿಬ್ಬಗಳಲ್ಲಿ ಬದುಕುವ ಮೀನುಗಳಿಗಂತೂ ಇಲ್ಲ. ಆದ್ದರಿಂದ ನಾವು ಮೀನನ್ನು ಬದಲಿಸುವುದಿಲ್ಲ, ತೊಟ್ಟಿಯನ್ನು ಬದಲಿಸುತ್ತೇವೆ.”

ಯಾವುದನ್ನು ಇಟ್ಟುಕೊಳ್ಳೋಣ? ಯಾವುದನ್ನು ಬಿಡೋಣ?

ಮಕ್ಕಳು ಸಾಮಾನುಗಳನ್ನೆಲ್ಲ ಜಗಲಿಯಲ್ಲಿ ಸಾಲಾಗಿ ಇಟ್ಟರು. ಟೀಚರ್ ಬಿಳಿ ಮರಳನ್ನು ಒಂದು ಬಟ್ಟಲಿನಲ್ಲಿ ಹಾಕಿ ಅದರ ಮೇಲೆ ವಿನೆಗರ್ ಸುರಿದರು. ಬುಸ್ ಎಂದು ಗುಳ್ಳೆಗಳು ಎದ್ದವು. ತೂತು ಕಲ್ಲಿನ ಮೇಲೆ ಸುರಿದಾಗಲೂ ಹಾಗೆಯೇ ಆಯಿತು. ಒಬ್ಬಳು ಕಡಲ ತೀರದಿಂದ ಹೆಕ್ಕಿ ತಂದ ಚಿಪ್ಪಿನ ಮೇಲೆಯೂ ಗುಳ್ಳೆ ಎದ್ದಿತು. ಹೊಳೆಯ ಬೆಣಚುಕಲ್ಲಿನ ಮೇಲೆ ಮಾತ್ರ ಏನೂ ಆಗಲಿಲ್ಲ.

“ಈ ಮರಳು ಹವಳದ ಚೂರು. ಚಿಪ್ಪಿನಲ್ಲಿರುವ ಸುಣ್ಣದ ಅಂಶವೇ ಇದರಲ್ಲೂ ಇದೆ. ಇದು ನೀರಿನಲ್ಲಿ ನಿಧಾನವಾಗಿ ಕರಗಿ ನೀರನ್ನು ಗಡುಸಾಗಿಸುತ್ತದೆ. ಸಮುದ್ರದ ಮೀನಿಗೆ ಅದು ಒಳ್ಳೆಯದು. ನಮ್ಮ ತೋಡು, ಕೆರೆಗಳ ಮೀನಿಗೆ ಮೆದು ನೀರು ಬೇಕು. ಆದ್ದರಿಂದ ಮರಳನ್ನೂ ಕಲ್ಲನ್ನೂ ತೊಟ್ಟಿಗೆ ಹಾಕುವುದು ಬೇಡ” ಎಂದರು ಟೀಚರ್.

ಇನ್ನೊಂದು ಯಂತ್ರವಿತ್ತು. ಅದಕ್ಕೆ ಸ್ಕಿಮ್ಮರ್ ಎಂದು ಹೆಸರು. ಉಪ್ಪುನೀರಿನಲ್ಲಿ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ, ನೊರೆಯ ಜೊತೆಗೆ ಕೊಳೆಯನ್ನು ಹೊರತೆಗೆಯುವುದು ಅದರ ಕೆಲಸ. ಸಿಹಿನೀರಿನಲ್ಲಿ ಅಂತಹ ನೊರೆ ನಿಲ್ಲುವುದಿಲ್ಲ. ಹಾಗಾಗಿ ಅದೂ ಬೇಡವಾಯಿತು. ಗಾಳಿಪಂಪನ್ನು ಮಾತ್ರ ಇಟ್ಟುಕೊಂಡರು.

ಟೀಚರ್ ತೊಟ್ಟಿ ಕೊಟ್ಟವರಿಗೆ ಫೋನ್ ಮಾಡಿ, “ಮೀನುಗಳಿಗೆ ಏನಾದರೂ ಮದ್ದು ಹಾಕಿದ್ದಿರಾ?” ಎಂದು ಕೇಳಿದರು. “ಹೌದು, ಒಮ್ಮೆ ರೋಗ ಬಂದಾಗ ತಾಮ್ರ ಇರುವ ಮದ್ದು ಹಾಕಿದ್ದೆ” ಎಂದರು ಅವರು.

“ನಮ್ಮ ತೋಟದಲ್ಲಿ ಅಡಿಕೆಗೆ ಬಿಡುವ ಮೈಲುತುತ್ತಿನಲ್ಲೂ ತಾಮ್ರ ಇದೆ ಎಂದು ಅಜ್ಜ ಹೇಳಿದ್ದಾರೆ” ಎಂದ ಒಬ್ಬ.

“ಸರಿ. ತಾಮ್ರದ ಅಂಶ ಮರಳು, ಕಲ್ಲು, ಹಳೆಯ ಸ್ಪಂಜು ಇವುಗಳಲ್ಲಿ ಸೇರಿಕೊಂಡಿರಬಹುದು. ಬಸವನಹುಳು, ಸಿಗಡಿಗಳಿಗೆ ಸ್ವಲ್ಪ ತಾಮ್ರವೂ ವಿಷ. ಆದ್ದರಿಂದ ಹಳೆಯ ಸ್ಪಂಜನ್ನೂ ಬಿಡೋಣ. ಈ ತೊಟ್ಟಿಯಲ್ಲಿ ಬಸವನಹುಳು, ಸಿಗಡಿಗಳನ್ನು ಸಾಕುವುದೂ ಬೇಡ.”

ಮೂರು ಸಲ ತೊಳೆದರೆ

ಒದ್ದೆ ಬಟ್ಟೆಯಿಂದ ಉಪ್ಪಿನ ಹುಡಿಯನ್ನು ಒರೆಸಿ ತೆಗೆದರು. ಒರೆಸಿದರೆ ಹೋಗದ ಬಿಳಿ ಕಲೆಗಳಿಗೆ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರು. ಸಾಬೂನನ್ನು ಮುಟ್ಟಲಿಲ್ಲ. ಸಾಬೂನಿನ ಅಂಶ ಉಳಿದರೆ ಮೀನಿನ ಕಿವಿರಿಗೆ ಹಾನಿ.

ಭಾರದ ತೊಟ್ಟಿಯನ್ನು ಪೂರ್ತಿ ಮಗುಚಲು ಆಗುವುದಿಲ್ಲ. ಅಡಿಯಲ್ಲಿ ಎರಡು ಲೀಟರಿನಷ್ಟು ಉಪ್ಪುನೀರು ಉಳಿದೇ ಇತ್ತು. ಅದರಲ್ಲಿ 70 ಗ್ರಾಂ ಉಪ್ಪು.

“ಬೇಸಗೆ ಬರುತ್ತಿದೆ. ಬಾವಿಯ ನೀರು ಇಳಿಯುತ್ತಿದೆ. ನಮಗೆ ತೊಳೆಯಲು 30 ಲೀಟರ್ ನೀರು ಮಾತ್ರ ಸಿಗುತ್ತದೆ. ಒಮ್ಮೆಲೇ ಸುರಿಯೋಣವೇ? 10 ಲೀಟರಿನಂತೆ ಮೂರು ಸಲ ಸುರಿಯೋಣವೇ?” ಎಂದು ಟೀಚರ್ ಕೇಳಿದರು.

“ಎರಡೂ ಒಂದೇ ಅಲ್ಲವೇ?” ಎಂದರು ಹಲವರು.

“ಲೆಕ್ಕ ಮಾಡಿ ನೋಡಿರಿ.”

30 ಲೀಟರನ್ನು ಒಮ್ಮೆಲೇ ಸುರಿದರೆ ಒಟ್ಟು 32 ಲೀಟರ್. ಅದನ್ನು ತೆಗೆದಾಗ ಪುನಃ 2 ಲೀಟರ್ ಉಳಿಯುತ್ತದೆ. ಉಳಿಯುವ ಉಪ್ಪು ಹದಿನಾರರಲ್ಲಿ ಒಂದು ಪಾಲು. 70 ÷ 16 ಎಂದರೆ ಸುಮಾರು 4.4 ಗ್ರಾಂ.

10 ಲೀಟರ್ ಸುರಿದರೆ ಒಟ್ಟು 12 ಲೀಟರ್. ತೆಗೆದಾಗ 2 ಲೀಟರ್ ಉಳಿಯುತ್ತದೆ. ಉಳಿಯುವ ಉಪ್ಪು ಆರರಲ್ಲಿ ಒಂದು ಪಾಲು. ಮೊದಲನೆಯ ಸಲ 70 ಗ್ರಾಂ ಸುಮಾರು 12 ಗ್ರಾಂ ಆಗುತ್ತದೆ. ಎರಡನೆಯ ಸಲ ಸುಮಾರು 2 ಗ್ರಾಂ. ಮೂರನೆಯ ಸಲ ಸುಮಾರು ಒಂದು ಗ್ರಾಮಿನ ಮೂರನೆಯ ಒಂದು ಪಾಲು!

ಮಕ್ಕಳು ಆಶ್ಚರ್ಯಪಟ್ಟರು. ನೀರು ಅಷ್ಟೇ, ಆದರೆ ಪಾಲು ಮಾಡಿ ತೊಳೆದಾಗ ಉಪ್ಪು ಎಷ್ಟೋ ಹೆಚ್ಚು ಹೋಗುತ್ತದೆ. ಅಕ್ಕಿಯನ್ನು ಎರಡು ಮೂರು ಸಲ ತೊಳೆಯುವುದರ ಗುಟ್ಟೂ ಅವರಿಗೆ ತಿಳಿಯಿತು.

ತೊಳೆದ ಉಪ್ಪುನೀರನ್ನು ಬಾವಿಕಟ್ಟೆಯ ಹತ್ತಿರವಾಗಲಿ ತರಕಾರಿ ತೋಟಕ್ಕಾಗಲಿ ಚೆಲ್ಲದೆ ದೂರದ ಚರಂಡಿಗೆ ಬಿಟ್ಟರು. ಕೊನೆಯ ಸಲದ ನೀರಿನ ಒಂದು ಚಮಚವನ್ನು ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗೆ ಇಟ್ಟರು. ಮೊದಲನೆಯ ಸಲದ ನೀರಿನ ಒಂದು ಚಮಚವನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಎರಡೂ ಒಣಗಿದವು. ಒಂದರಲ್ಲಿ ಬಿಳಿಯ ಕಲೆ ದಪ್ಪವಾಗಿ ಕಂಡಿತು. ಇನ್ನೊಂದರಲ್ಲಿ ಕಂಡೂ ಕಾಣದಷ್ಟು.

ಅನಂತರ ತೊಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಅಡಿಯಲ್ಲಿ ಹಳೆಯ ದಿನಪತ್ರಿಕೆ ಹಾಸಿ, ಬಾವಿನೀರು ತುಂಬಿಸಿದರು. ಎರಡು ದಿನ ಕಾದರು. ಪತ್ರಿಕೆ ಒದ್ದೆಯಾಗಲಿಲ್ಲ. ತೊಟ್ಟಿ ಸೋರುವುದಿಲ್ಲ ಎಂದು ಖಚಿತವಾಯಿತು. ಚೆನ್ನಾಗಿ ತೊಳೆದ ಬೆಣಚುಕಲ್ಲಿನ ಹರಳು, ಹೊಸ ಸ್ಪಂಜು ಫಿಲ್ಟರ್, ಕೆರೆಯಿಂದ ತಂದು ತೊಳೆದ ಹೈಡ್ರಿಲ್ಲ ಗಿಡಗಳು ತೊಟ್ಟಿಯೊಳಗೆ ಸೇರಿದವು. ನಳ್ಳಿನೀರು ಬಳಸುವುದಾದರೆ ಅದರಲ್ಲಿರುವ ಕ್ಲೋರಿನ್ ಹೋಗಲು ಒಂದು ದಿನ ತೆರೆದ ಪಾತ್ರೆಯಲ್ಲಿ ಇಡಬೇಕು ಎಂದೂ ಟೀಚರ್ ಹೇಳಿಕೊಟ್ಟರು.

ಕಣ್ಣಿಗೆ ಕಾಣದ ಕೆಲಸಗಾರರು

ನೀರು ಕನ್ನಡಿಯಂತೆ ತಿಳಿಯಾಗಿತ್ತು. “ಈಗ ಮೀನು ಬಿಡಬಹುದಲ್ಲ ಟೀಚರ್?”

“ಇಲ್ಲ. ತಿಳಿನೀರೆಲ್ಲ ಒಳ್ಳೆಯ ನೀರಲ್ಲ. ಮೀನಿನ ಮಲಮೂತ್ರದಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ಅಮೋನಿಯ ಉಂಟಾಗುತ್ತದೆ. ತೊಳೆಯದ ಮೂತ್ರಾಲಯದಲ್ಲಿ ಮೂಗಿಗೆ ಚುಚ್ಚುವ ವಾಸನೆ ಅದರದ್ದೇ. ಮೀನಿಗೆ ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಅದರಿಂದ ಅಷ್ಟು ಅಪಾಯವಿಲ್ಲ. ಗಿಡಗಳು ಅದನ್ನು ಗೊಬ್ಬರವಾಗಿ ಹೀರಿಕೊಳ್ಳುತ್ತವೆ.”

“ಹಳೆಯ ತೊಟ್ಟಿಯಲ್ಲಿ ಆ ಬ್ಯಾಕ್ಟೀರಿಯಾಗಳು ಇರಲಿಲ್ಲವೇ?”

“ಇದ್ದವು. ಆದರೆ ಅವು ಉಪ್ಪುನೀರಿಗೆ ಒಗ್ಗಿದವು. ಸಿಹಿನೀರಿನಲ್ಲಿ ಹೆಚ್ಚಿನವು ಬದುಕುವುದಿಲ್ಲ. ಇಲ್ಲಿ ಹೊಸ ಕೆಲಸಗಾರರು ಹುಟ್ಟಿ ಬೆಳೆಯಬೇಕು. ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.”

“ಆರು ವಾರವೇ! ವಾರ್ಷಿಕೋತ್ಸವ?”

ಟೀಚರ್ ಮಾತಾಡಲಿಲ್ಲ.

ಮಕ್ಕಳು ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕತೊಡಗಿದರು. ಅದು ಕೊಳೆತು ಅಮೋನಿಯ ಆಗಬೇಕು. ಅದನ್ನು ತಿಂದು ಬ್ಯಾಕ್ಟೀರಿಯಾಗಳು ಹೆಚ್ಚಬೇಕು. ಗಾಳಿಪಂಪು ಹಗಲು ರಾತ್ರಿ ಓಡುತ್ತಿತ್ತು. ಅಂಗಡಿಯಿಂದ ತಂದ ಕಿಟ್ಟಿನಿಂದ ಪ್ರತಿ ಶುಕ್ರವಾರ ನೀರನ್ನು ಪರೀಕ್ಷಿಸಿದರು. ಗಾಜಿನ ನಳಿಗೆಯಲ್ಲಿ ನೀರು ತೆಗೆದು ಹನಿ ಹಾಕಿದಾಗ ಹಳದಿಯಾದರೆ ಅಮೋನಿಯ ಇಲ್ಲ. ಹಸಿರಾದಷ್ಟೂ ಅಮೋನಿಯ ಹೆಚ್ಚು.

ವಾರ್ಷಿಕೋತ್ಸವದ ದಿನ

ವಾರ್ಷಿಕೋತ್ಸವದ ಬೆಳಗ್ಗೆ ಒಬ್ಬ ಹುಡುಗ ನೀರು ತುಂಬಿದ ಪ್ಲಾಸ್ಟಿಕ್ ಚೀಲದೊಂದಿಗೆ ಬಂದ. ಅದರಲ್ಲಿ ನಾಲ್ಕು ಚಿನ್ನದ ಬಣ್ಣದ ಮೀನುಗಳು. ಮಾವನ ಕೈಯಲ್ಲಿ ಹೇಳಿ ತರಿಸಿದ್ದ.

“ಟೀಚರ್, ಇವತ್ತು ಒಂದು ದಿನ ಮಾತ್ರ ಬಿಡೋಣ. ಎಲ್ಲರೂ ಬರುತ್ತಾರೆ. ಖಾಲಿ ತೊಟ್ಟಿ ನೋಡಿದರೆ ನಗುತ್ತಾರೆ.”

ಮಕ್ಕಳೆಲ್ಲ ಟೀಚರ ಮುಖ ನೋಡಿದರು. ಟೀಚರ್ ಹೇಳಿದರು, “ತೊಟ್ಟಿ ನಿಮ್ಮದು. ನೀರನ್ನು ಪರೀಕ್ಷಿಸಿ ನೀವೇ ತೀರ್ಮಾನಿಸಿರಿ.”

ನಳಿಗೆಯಲ್ಲಿ ನೀರು ತೆಗೆದು ಹನಿ ಹಾಕಿದರು. ಐದು ನಿಮಿಷ ಯಾರೂ ಮಾತಾಡಲಿಲ್ಲ. ನೀರು ಕಡು ಹಸಿರಾಯಿತು.

ಚೀಲದ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಹುಡುಗ ಅವುಗಳನ್ನು ಸ್ವಲ್ಪ ಹೊತ್ತು ನೋಡಿದ. “ಬೇಡ” ಎಂದು ಅವನೇ ಮೊದಲು ಹೇಳಿದ.

ಮೀನುಗಳನ್ನು ಬಾವಿನೀರಿನ ಅಗಲವಾದ ಬೇಸಿನಿನಲ್ಲಿ ನೆರಳಿಗೆ ಇಟ್ಟರು. ಸಂಜೆ ಅವನು ಅವುಗಳನ್ನು ಮನೆಗೆ ಒಯ್ದ. ದಿನವೂ ಸ್ವಲ್ಪ ನೀರು ತೆಗೆದು ಹೊಸ ನೀರು ಹಾಕುತ್ತ ಅಲ್ಲಿಯೇ ಸಾಕಿದ.

ತೊಟ್ಟಿಯ ಮುಂದೆ ಮಕ್ಕಳು ಒಂದು ಫಲಕ ಇಟ್ಟರು: “ನೀರು ತಯಾರಾಗುತ್ತಿದೆ. ಮೀನುಗಳು ಮುಂದಿನ ತಿಂಗಳು ಬರುತ್ತವೆ.” ನಗುವವರು ನಕ್ಕರು. ಆದರೆ ಬಹಳ ಮಂದಿ ನಿಂತು ಓದಿದರು, ಏಕೆ ಎಂದು ಕೇಳಿದರು. ಮಕ್ಕಳು ಮಾವಿನ ಮಿಡಿ, ಒಣದ್ರಾಕ್ಷಿ, ಹಸಿರು ನಳಿಗೆ ಎಲ್ಲವನ್ನೂ ತೋರಿಸಿ ವಿವರಿಸಿದರು. ತೊಟ್ಟಿ ಕೊಟ್ಟ ಹಿರಿಯರೂ ಬಂದಿದ್ದರು. “ಸಮುದ್ರದ ಮೀನಿಗೂ ಇದೇ ಕ್ರಮ ಮಕ್ಕಳೇ. ಕಾಯದೆ ಆಗುವುದಿಲ್ಲ” ಎಂದು ಬೆನ್ನು ತಟ್ಟಿದರು.

ಮಕ್ಕಳು ಬರೆದಿಟ್ಟ ಪಟ್ಟಿಯನ್ನು ನೋಡಿರಿ.

1ನೇ ವಾರ: ಅಮೋನಿಯ ಸ್ವಲ್ಪ, ನೈಟ್ರೈಟ್ ಇಲ್ಲ, ನೈಟ್ರೇಟ್ ಇಲ್ಲ
2ನೇ ವಾರ: ಅಮೋನಿಯ ಹೆಚ್ಚು; ನೈಟ್ರೈಟ್ ಸ್ವಲ್ಪ; ನೈಟ್ರೇಟ್ ಇಲ್ಲ
3ನೇ ವಾರ: ಅಮೋನಿಯ ಸ್ವಲ್ಪ, ನೈಟ್ರೈಟ್ ಹೆಚ್ಚು, ನೈಟ್ರೇಟ್ ಸ್ವಲ್ಪ
4ನೇ ವಾರ: ಅಮೋನಿಯ ಇಲ್ಲ, ನೈಟ್ರೈಟ್ ಸ್ವಲ್ಪ, ನೈಟ್ರೇಟ್ ಇದೆ
5ನೇ ವಾರ: ಅಮೋನಿಯ ಇಲ್ಲ, ನೈಟ್ರೈಟ್ ಇಲ್ಲ, ನೈಟ್ರೇಟ್ ಇದೆ

ಯಾವ ಮೀನು?

“ಮಿಸ್ ಕೇರಳ ಮೀನನ್ನು ತರೋಣ. ನಮ್ಮ ಹೊಳೆಯದೇ ಅಲ್ಲವೇ?” ಎಂದರು ಕೆಲವರು.

ಮೈಯಲ್ಲಿ ಕೆಂಪು ಗೆರೆಯೂ ಕಪ್ಪು ಗೆರೆಯೂ ಇರುವ ಈ ಚೆಲುವಾದ ಮೀನು ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಇದೆ. ಚಂದ್ರಗಿರಿಯಲ್ಲೂ ಇದೆ. 1865ರಲ್ಲಿ ಫ್ರಾನ್ಸಿಸ್ ಡೇ ಎಂಬವರು ಇದನ್ನು ಮೊದಲ ಬಾರಿಗೆ ವಿವರಿಸಿ ಹೆಸರಿಟ್ಟರು. ಸಾಕುವುದಕ್ಕಾಗಿ ಹೊಳೆಯಿಂದ ಮಿತಿಮೀರಿ ಹಿಡಿದುದರಿಂದ ಇದು ಅಳಿವಿನ ಅಂಚಿಗೆ ಬಂದಿದೆ. ಹರಿಯುವ ನೀರಿನಲ್ಲಿ ಗುಂಪಾಗಿ ಈಜುವ ಈ ಮೀನನ್ನು ಹೊಳೆಯಲ್ಲೇ ಬಿಡುವುದು ಒಳ್ಳೆಯದು ಎಂದು ಮಕ್ಕಳು ತೀರ್ಮಾನಿಸಿದರು.

ಅವರು ಆರಿಸಿದ್ದು ಗದ್ದೆಯ ಬದಿಯ ತೋಡಿನಲ್ಲಿ ಧಾರಾಳವಾಗಿ ಸಿಗುವ ಪುಟ್ಟ ಮೀನು. ಅದರ ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುತ್ತದೆ. ಮಲಯಾಳದಲ್ಲಿ ಅದಕ್ಕೆ ಮಾನತ್ತುಕಣ್ಣಿ ಎನ್ನುತ್ತಾರೆ. ಸೊಳ್ಳೆಯ ಮರಿಗಳೆಂದರೆ ಅದಕ್ಕೆ ಬಲು ಇಷ್ಟ. ಮದ್ದು ಬಿಡದ ಗದ್ದೆಯ ತೋಡಿನಿಂದ ಆರು ಮೀನುಗಳನ್ನು ತಂದರು. ತೊಟ್ಟಿಯ ಅರ್ಧ ನೀರನ್ನು ಬದಲಿಸಿದ್ದರು. ಮೀನುಗಳಿದ್ದ ಚೀಲವನ್ನು ಹದಿನೈದು ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಸಿದರು. ಆಮೇಲೆ ಚೀಲಕ್ಕೆ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಸೇರಿಸಿದರು. ಕೊನೆಗೆ ಮೀನುಗಳನ್ನು ಮೆಲ್ಲಗೆ ಬಿಟ್ಟರು. ಈ ಮೀನು ಹಾರುವ ಜಾತಿಯದು. ಆದ್ದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಹಾಕಿದರು.

ಟೀಚರ್ ಕೊನೆಯದಾಗಿ ಒಂದು ಮಾತು ಹೇಳಿದರು: “ಅಂಗಡಿಯಿಂದ ತಂದ ಮೀನನ್ನು ಸಾಕಲು ಆಗದಿದ್ದರೆ ಹೊಳೆಗೋ ಕೆರೆಗೋ ಬಿಡಬೇಡಿ. ಸಾಕುವವರಿಗೆ ಕೊಡಿ. 2018ರ ದೊಡ್ಡ ನೆರೆಯ ಬಳಿಕ ಕೇರಳದ ನದಿಗಳಲ್ಲಿ ಅಮೆಜಾನಿನ ಅರಪೈಮದಂತಹ ಮೀನುಗಳೂ ಬಲೆಗೆ ಬಿದ್ದವು. ಸಾಕುವಲ್ಲಿಂದ ತಪ್ಪಿಸಿಕೊಂಡು ಬಂದ ಮೀನುಗಳು ಅವು. ಹೊರಗಿನ ಮೀನುಗಳು ನಮ್ಮ ಹೊಳೆಯ ಮೀನುಗಳ ಆಹಾರವನ್ನು ಕಸಿಯುತ್ತವೆ, ಮರಿಗಳನ್ನು ತಿನ್ನುತ್ತವೆ, ರೋಗವನ್ನೂ ತರುತ್ತವೆ.”

ಈಗ ಪ್ರತಿ ಸೋಮವಾರ ಐದರಲ್ಲಿ ಒಂದು ಪಾಲು ನೀರು ಬದಲಿಸಲು ಇಬ್ಬರ ಸರದಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಲು ಇನ್ನಿಬ್ಬರ ಸರದಿ. ಮಧ್ಯಾಹ್ನದ ಬಿಡುವಿನಲ್ಲಿ ತೊಟ್ಟಿಯ ಮುಂದೆ ಸಣ್ಣ ತರಗತಿಗಳ ಮಕ್ಕಳದೇ ಗುಂಪು.

ಪದಗಳ ಅರ್ಥ

ಅಳಿವೆ: ಹೊಳೆ ಸಮುದ್ರವನ್ನು ಸೇರುವ ಜಾಗ
ಕಿವಿರು: ಮೀನಿನ ಉಸಿರಾಟದ ಅಂಗ
ತೋಡು: ಸಣ್ಣ ತೊರೆ
ಮೈಲುತುತ್ತು: ತಾಮ್ರದ ಅಂಶವಿರುವ ನೀಲಿ ಲವಣ

ಅಭ್ಯಾಸ

ಅ) ಉತ್ತರಿಸಿರಿ
1. ಸಮುದ್ರದ ಮೀನು ನೀರನ್ನು ಏಕೆ ಕುಡಿಯುತ್ತದೆ?
2. ಬಿಳಿ ಮರಳನ್ನು ಮಕ್ಕಳು ಏಕೆ ತೊಟ್ಟಿಗೆ ಹಾಕಲಿಲ್ಲ?
3. “ತಿಳಿನೀರೆಲ್ಲ ಒಳ್ಳೆಯ ನೀರಲ್ಲ.” ಟೀಚರ್ ಹೀಗೆ ಹೇಳಲು ಕಾರಣವೇನು?
4. ಚಿನ್ನದ ಬಣ್ಣದ ಮೀನು ತಂದ ಹುಡುಗ “ಬೇಡ” ಎಂದುದು ಏಕೆ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಆ) ಲೆಕ್ಕ ಮಾಡಿರಿ
1. ತೊಟ್ಟಿಯಲ್ಲಿ 162 ಲೀಟರ್ ನೀರಿದೆ. ಐದರಲ್ಲಿ ಒಂದು ಪಾಲು ಬದಲಿಸಲು ಸುಮಾರು ಎಷ್ಟು ಲೀಟರ್ ಬೇಕು?
2. ತೊಟ್ಟಿಯಲ್ಲಿ ಉಳಿದ 2 ಲೀಟರ್ ನೀರಿನಲ್ಲಿ 70 ಗ್ರಾಂ ಉಪ್ಪಿದೆ. 6 ಲೀಟರಿನಂತೆ ಎರಡು ಸಲ ತೊಳೆದರೆ ಎಷ್ಟು ಗ್ರಾಂ ಉಪ್ಪು ಉಳಿಯುತ್ತದೆ?

ಇ) ಪಟ್ಟಿಯನ್ನು ನೋಡಿ ಹೇಳಿರಿ
1. ಯಾವ ವಾರ ನೈಟ್ರೈಟ್ ಅತಿ ಹೆಚ್ಚಾಗಿತ್ತು?
2. ಅಮೋನಿಯ ಕಡಿಮೆಯಾದಾಗ ನೈಟ್ರೈಟ್ ಏಕೆ ಹೆಚ್ಚಾಯಿತು?

ಈ) ಮಾಡಿ ನೋಡಿರಿ
ಎರಡು ಲೋಟಗಳಲ್ಲಿ ನೀರು ತೆಗೆದುಕೊಳ್ಳಿರಿ. ಒಂದಕ್ಕೆ ಮೂರು ಚಮಚ ಉಪ್ಪು ಹಾಕಿ ಕಲಕಿರಿ. ಎರಡರಲ್ಲೂ ಸೌತೆಕಾಯಿಯ ತೆಳುವಾದ ಹೋಳು ಹಾಕಿ ಎರಡು ಗಂಟೆ ಬಿಡಿರಿ. ಹೋಳುಗಳನ್ನು ಬಗ್ಗಿಸಿ ನೋಡಿರಿ. ಕಂಡುದನ್ನು ಬರೆಯಿರಿ.

ಉ) ಬರೆಯಿರಿ
ನಿಮ್ಮ ಊರಿನ ತೋಡು, ಕೆರೆ, ಹೊಳೆಗಳಲ್ಲಿರುವ ಮೀನುಗಳ ಹೆಸರುಗಳನ್ನು ಮನೆಯ ಹಿರಿಯರಲ್ಲಿ ಕೇಳಿರಿ. ಕನ್ನಡ, ತುಳು, ಮಲಯಾಳ ಭಾಷೆಗಳಲ್ಲಿ ಅವುಗಳಿಗೆ ಏನೆನ್ನುತ್ತಾರೆ ಎಂಬ ಪಟ್ಟಿ ತಯಾರಿಸಿರಿ.